ಕ್ರಾನಿಕ್ ಫಟೀಗ್ ಸಿಂಡ್ರೋಮ್: ಪೇಸಿಂಗ್‌ನಿಂದ ಪ್ರಯೋಜನವಿದೆಯೇ ಎಂದು ಅಳೆಯುವುದು ಹೇಗೆ?

ಹೊಂಗೆನೆರಳು (ಪ್ರಶ್ನೆ):
ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನನ್ನ ತಂಗಿಗೆ ಎಂಇ/ಸಿಎಫ್‌ಎಸ್, ಅಂದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇದೆಯೆಂದು ಅಲ್ಲಿನ ವೈದ್ಯರು ಹೇಳಿದ್ದಾರೆ. ಇರುವ ಶಕ್ತಿಯ ಮಿತಿಯೊಳಗೆ ಕೆಲಸಗಳನ್ನು ಹಂಚಿಕೊಂಡು, ದೇಹ ಸೋಲುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳುವ ‘ಪೇಸಿಂಗ್’ ಕ್ರಮವನ್ನು ಆಕೆ ಅನುಸರಿಸುತ್ತಿದ್ದಾಳೆ. ಆದರೆ 2011ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪೇಸ್ ಪ್ರಯೋಗದ ವರದಿಯ ಪ್ರಕಾರ ಪೇಸಿಂಗ್‌ನಿಂದ ಹೆಚ್ಚುವರಿ ಲಾಭವೇನೂ ಇಲ್ಲ. ಹಂತಹಂತವಾಗಿ ವ್ಯಾಯಾಮವನ್ನು ಏರಿಸುವ ಚಿಕಿತ್ಸೆಯೂ ಸಿಬಿಟಿಯೂ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಅದಕ್ಕಿಂತ ಮೇಲು. 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಾದರೋ ವ್ಯಾಯಾಮವನ್ನು ಏರಿಸುತ್ತಾ ಹೋಗುವ ಕಾರ್ಯಕ್ರಮ ಬೇಡವೆಂದು, ಶಕ್ತಿಯ ಮಿತಿಯೊಳಗೆ ಇರುವಂತೆ ಸಲಹೆ ನೀಡುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು?

ಅಂಕಿಸಂಖ್ಯೆ:
ಪೇಸ್ ಪ್ರಯೋಗದಲ್ಲಿ 641 ರೋಗಿಗಳಿದ್ದರು. ಅವರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ತಜ್ಞ ವೈದ್ಯರ ಆರೈಕೆಯನ್ನಷ್ಟೇ, ಉಳಿದ ಮೂರಕ್ಕೆ ಅದರ ಜೊತೆಗೆ ಕ್ರಮವಾಗಿ ಪೇಸಿಂಗ್, ಸಿಬಿಟಿ ಮತ್ತು ಏರಿಕೆಯ ವ್ಯಾಯಾಮವನ್ನು ಕೊಡಲಾಯಿತು. ಯಾರಿಗೆ ಯಾವ ಚಿಕಿತ್ಸೆಯೆಂಬುದು ರೋಗಿಗೂ ಚಿಕಿತ್ಸಕರಿಗೂ ಗೊತ್ತಿತ್ತು. ಇಂತಹ ಚಿಕಿತ್ಸೆಗಳಲ್ಲಿ ಅದನ್ನು ಮುಚ್ಚಿಡಲು ಸಾಧ್ಯವೂ ಇಲ್ಲ. ಹಾಗಿರುವಾಗ ಮುಖ್ಯ ಅಳತೆಗಳು ರೋಗಿಯ ಅನಿಸಿಕೆಯನ್ನು ಅವಲಂಬಿಸಬಾರದಿತ್ತು. ಇಲ್ಲಿ ಎರಡೂ ರೋಗಿಗಳೇ ತುಂಬಿದ ಪ್ರಶ್ನಾವಳಿಗಳಾಗಿದ್ದವು. ‘ನಿಮ್ಮ ದೇಹ ಸಮರ್ಥವಾಗಿದೆ, ಧೈರ್ಯವಾಗಿ ಚಲಿಸಿ’ ಎಂದು ತಿಂಗಳುಗಟ್ಟಲೆ ಹೇಳಿಸಿಕೊಂಡವರು ಪ್ರಶ್ನಾವಳಿಯಲ್ಲಿ ಒಂದೆರಡು ಅಂಕ ಹೆಚ್ಚು ಹಾಕಿಕೊಂಡರೆ ಆಶ್ಚರ್ಯವಿಲ್ಲ.

ಆರು ನಿಮಿಷಗಳ ನಡಿಗೆ ಪರೀಕ್ಷೆ ಅನಿಸಿಕೆಯನ್ನು ಅಷ್ಟಾಗಿ ಅವಲಂಬಿಸದ ಒಂದು ಅಳತೆ. ವರ್ಷದ ಕೊನೆಗೆ ವ್ಯಾಯಾಮದ ಗುಂಪು ಸರಾಸರಿ 379 ಮೀಟರ್, ಪೇಸಿಂಗ್ ಗುಂಪು 334 ಮೀಟರ್ ನಡೆಯಿತು. ವ್ಯತ್ಯಾಸವಿದೆ, ಒಪ್ಪೋಣ. ಆದರೆ ಆರೋಗ್ಯವಂತರು ಇದಕ್ಕಿಂತ ಎಷ್ಟೋ ಹೆಚ್ಚು ದೂರ ನಡೆಯುತ್ತಾರೆ. 379 ಮೀಟರ್ ಗುಣವಾದವರ ನಡಿಗೆಯಲ್ಲ. ಇನ್ನೊಂದು ವಿಚಿತ್ರವಿದೆ. ದೈಹಿಕ ಸಾಮರ್ಥ್ಯದ ಮಾಪನದಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಅಂಕವಿದ್ದವರನ್ನು ರೋಗಿಗಳೆಂದು ಸೇರಿಸಿಕೊಂಡು, ಕೊನೆಯಲ್ಲಿ 60 ಅಂಕವನ್ನೇ ‘ಸಹಜ ಮಿತಿ’ಯ ಹೊಸ್ತಿಲಾಗಿಸಿದರು. 65ರಿಂದ 60ಕ್ಕೆ ಇಳಿದವರೂ ಈ ಮಾಪನದ ಮಟ್ಟಿಗೆ ಸಹಜ ಸ್ಥಿತಿಯಲ್ಲಿದ್ದಾರೆ ಎಂದಾಯಿತು!

ನಿಧಾನಗತಿ:
ನಾನೂ ಇದೇ ಕಾಯಿಲೆಯವಳು. ಆ ಪ್ರಯೋಗದಲ್ಲಿ ಪೇಸಿಂಗ್ ಎಂದು ಕೊಟ್ಟದ್ದು ನಿಗದಿತ ಕೈಪಿಡಿಯಂತೆ ಚಿಕಿತ್ಸಕರು ಕಲಿಸಿದ ಒಂದು ಪದ್ಧತಿ. ತಮಗೆ ಸಾಧ್ಯವೆಂದು ತೋರುವ ಶಕ್ತಿಯ ಶೇ. 70ಕ್ಕಿಂತ ಹೆಚ್ಚನ್ನು ಬಯಸುವ ಚಟುವಟಿಕೆಗೆ ಕೈಹಾಕಬಾರದೆಂಬ ಸಲಹೆ ಅದರಲ್ಲಿತ್ತು. ನಮ್ಮಂಥವರ ದಿನಚರಿ ಅಷ್ಟು ಲೆಕ್ಕಬದ್ಧವಾಗಿರುವುದಿಲ್ಲ. ತಲೆಸ್ನಾನ ಮಾಡಿದ ದಿನ ನಾನು ಒಲೆಯ ಮುಂದೆ ನಿಲ್ಲುವುದಿಲ್ಲ. ತರಕಾರಿ ಹೆಚ್ಚುವುದು ಸ್ಟೂಲಿನ ಮೇಲೆ ಕುಳಿತೇ. ಕೈಗಡಿಯಾರ ಹೃದಯ ಬಡಿತ ಏರಿದೆಯೆಂದು ಸದ್ದು ಮಾಡಿದರೆ ಅರ್ಧ ಹೆಚ್ಚಿದ ಬೀನ್ಸನ್ನು ಅಲ್ಲಿಯೇ ಬಿಟ್ಟು ಮಲಗುತ್ತೇನೆ. ಇಷ್ಟೆಲ್ಲ ಮಾಡಿದರೂ ಆಯಾಸ ಕಡಿಮೆಯಾಗುವುದಿಲ್ಲ. ಶ್ರಮಪಟ್ಟ ಮರುದಿನವೋ ಅದರಾಚೆಯ ದಿನವೋ ಬಂದು ಹಾಸಿಗೆ ಹಿಡಿಸುವ ಕುಸಿತ ಕಡಿಮೆಯಾಗುತ್ತದೆ, ಅಷ್ಟೇ. ‘ಈಗ ಎಷ್ಟು ದಣಿವಾಗಿದೆ’ ಎಂದು ಕೇಳುವ ಪ್ರಶ್ನಾವಳಿಗೆ ಈ ಲಾಭ ಕಾಣಿಸುವುದೇ ಇಲ್ಲ.

ಸಂದೇಹಿ:
ಹಿಂದಿನ ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೂ ಒಂದು ಎಚ್ಚರಿಕೆ: ಪೇಸ್ ಪ್ರಯೋಗ ದೋಷಪೂರಿತ ಎಂದ ಮಾತ್ರಕ್ಕೆ ಪೇಸಿಂಗ್ ಫಲಕಾರಿ ಎಂದು ಸಿದ್ಧವಾಗುವುದಿಲ್ಲ. ನೈಸ್ ಕೂಡ ಶಕ್ತಿ ನಿರ್ವಹಣೆಯಿಂದ ಕಾಯಿಲೆ ಗುಣವಾಗುತ್ತದೆ ಎಂದು ಹೇಳಿಲ್ಲ. ಏರಿಕೆಯ ವ್ಯಾಯಾಮದ ಪರವಾದ ಪುರಾವೆಯ ಗುಣಮಟ್ಟ ಕಡಿಮೆ ಅಥವಾ ತೀರಾ ಕಡಿಮೆ ಎಂದು ಅದು ತೀರ್ಮಾನಿಸಿದ್ದು ನಿಜ. ಆದರೆ ಪೇಸಿಂಗ್‌ಗೆ ಅನುಕೂಲವಾಗಿ ಅದು ನೆಚ್ಚಿಕೊಂಡದ್ದು ಹೆಚ್ಚಾಗಿ ರೋಗಿಗಳ ಅನುಭವ ಮತ್ತು ಸಮಿತಿಯ ವಿವೇಚನೆಯನ್ನು.

ಪೇಸಿಂಗನ್ನು ನ್ಯಾಯವಾಗಿ ಪರೀಕ್ಷಿಸಬೇಕಾದರೆ ಮೊದಲು ಶ್ರಮದ ನಂತರದ ಕುಸಿತ ನಿಶ್ಚಿತವಾಗಿ ಇರುವವರನ್ನೇ ಆರಿಸಿಕೊಳ್ಳಬೇಕು. ಪೇಸ್ ಪ್ರಯೋಗ ಬಳಸಿದ 1991ರ ಆಕ್ಸ್‌ಫರ್ಡ್ ಮಾನದಂಡ ಈ ಲಕ್ಷಣವನ್ನು ಕಡ್ಡಾಯ ಮಾಡಿರಲಿಲ್ಲ; ಹಾಗಾಗಿ ಬೇರೆ ಕಾರಣದ ಆಯಾಸದವರೂ ಸೇರಿಕೊಂಡಿರುವ ಸಾಧ್ಯತೆಯಿದೆ, ಅಂಥವರಿಗೆ ವ್ಯಾಯಾಮ ಒಗ್ಗಿದ್ದರೂ ಒಗ್ಗಿರಬಹುದು. ಎರಡನೆಯದಾಗಿ, ಕುಸಿತಗಳು ಎಷ್ಟು ಬಾರಿ ಬಂದವು, ಎಷ್ಟು ದಿನ ಇದ್ದವು ಎಂಬುದನ್ನು ತಿಂಗಳುಗಟ್ಟಲೆ ದಾಖಲಿಸುವುದರ ಜೊತೆಗೆ, ಚಲನೆಯನ್ನು ಅಳೆಯುವ ಸಾಧನವನ್ನು ಆದಿಯಿಂದ ಅಂತ್ಯದವರೆಗೆ ಕಟ್ಟಿಸಬೇಕು. ಕುಸಿತ ಕಡಿಮೆಯಾದದ್ದು ಬರೀ ಚಟುವಟಿಕೆ ತಗ್ಗಿದ್ದರಿಂದಲೋ, ಅಷ್ಟೇ ಚಟುವಟಿಕೆಯನ್ನು ಜಾಣತನದಿಂದ ಹಂಚಿಕೊಂಡದ್ದರಿಂದಲೋ ಎಂಬುದು ಆಗ ತಿಳಿದೀತು. ನನಗೆ ಇದೇ ಮುಖ್ಯ ಪ್ರಶ್ನೆ.

ಹೊಂಗೆನೆರಳು:
ಧನ್ಯವಾದಗಳು. ‘ಆಯಾಸ ಇಳಿಯಿತೇ’ ಎಂದೇ ಮನೆಯವರೆಲ್ಲ ಆಕೆಯನ್ನು ಕೇಳುತ್ತಾ ಬಂದಿದ್ದೇವೆ. ಕುಸಿತದ ದಿನಗಳನ್ನೂ ಹೆಜ್ಜೆಗಳ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಲು ಸಾಧ್ಯವೇ ಎಂದು ವಿಚಾರಿಸುತ್ತೇನೆ. ಬರೆಯುವುದೂ ಶ್ರಮವೇ ಆಗಿರುವುದರಿಂದ ಆ ಕೆಲಸವನ್ನು ಭಾವನವರಿಗೆ ವಹಿಸಬೇಕಾದೀತು.