‘ಕರೆಯೋಲೆ’, ‘ಆಮಂತ್ರಣ’ ಮತ್ತು ಮಡಿಸುವ ಮುನ್ನ ಎಳೆಯುವ ಗೆರೆ

ಮಾನ್ಯರೇ,

ಸಮಾರಂಭಗಳ ಆಮಂತ್ರಣಗಳನ್ನು ಕೈಯಾರೆ ರೂಪಿಸಿ ಸಿದ್ಧಪಡಿಸುವ ಬಗೆಯನ್ನು ಕುರಿತು ಚಿಕ್ಕದೊಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ತಕ್ಕ ಪದ ಸಿಗದೆ ಬರವಣಿಗೆ ಎರಡು ಕಡೆ ನಿಂತುಬಿಟ್ಟಿದೆ.

ಮೊದಲನೆಯದು ವಸ್ತುವಿನ ಹೆಸರು. ‘ಆಮಂತ್ರಣ’ ಎಂಬುದು ಕರೆಯುವ ಕ್ರಿಯೆಗೂ ಸಲ್ಲುತ್ತದೆ, ಕರೆಯನ್ನು ಹೊತ್ತ ಕಾಗದಕ್ಕೂ ಸಲ್ಲುತ್ತದೆ. ಆದ್ದರಿಂದ ‘ಆಮಂತ್ರಣದ ಅಂಚನ್ನು ಕತ್ತರಿಸಿ’ ಎಂದು ಬರೆದಾಗ ನನ್ನ ಕಿವಿಗೆ ಅದು ಒಗ್ಗುವುದಿಲ್ಲ. ‘ಕರೆಯೋಲೆಯ ಅಂಚನ್ನು ಕತ್ತರಿಸಿ’ ಎಂದರೆ ಯಾವ ತೊಡಕೂ ಇಲ್ಲ, ಏಕೆಂದರೆ ಅದರಲ್ಲಿರುವ ‘ಓಲೆ’ ಕೈಯಲ್ಲಿ ಹಿಡಿಯುವ ವಸ್ತುವನ್ನೇ ಸೂಚಿಸುತ್ತದೆ. ಸಂಸ್ಕೃತ ವೈಯಾಕರಣ ಪಾಣಿನಿಯ ಸೂತ್ರವೊಂದು (ಅಷ್ಟಾಧ್ಯಾಯಿ 3.3.161) ನಿಮಂತ್ರಣ, ಆಮಂತ್ರಣ ಎರಡನ್ನೂ ಬೇರೆಬೇರೆಯಾಗಿ ಹೇಳುತ್ತದೆಂಬುದೂ, ಒಪ್ಪಲೇಬೇಕಾದ ಕರೆ ನಿಮಂತ್ರಣ, ಬರುವುದು ಬಿಡುವುದು ಕರೆ ಪಡೆದವರ ಇಚ್ಛೆಗೆ ಸೇರಿದ್ದರೆ ಆಮಂತ್ರಣ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆಂಬುದೂ ನಿಮಗೆ ತಿಳಿದದ್ದೇ. ಆ ಸೂಕ್ಷ್ಮ ಕನ್ನಡದ ಬಳಕೆಯಲ್ಲಿ ಉಳಿದಿಲ್ಲವಾದರೂ, ಒಕ್ಕಣೆಯನ್ನು ಬರೆಯುವವರಿಗೆ ಅದು ತಿಳಿದಿರುವುದು ಒಳ್ಳೆಯದೆಂದು ನಾನು ಬಲವಾಗಿ ನಂಬಿದ್ದೇನೆ.

ಇನ್ನು ಅದರ ವಿಶೇಷಣ. ‘ಕೈಯಿಂದ ಮಾಡಿದ ಕಾಗದದ ಕರೆಯೋಲೆ’ ಎಂದರೆ ಕೈಯಿಂದ ಮಾಡಿದ್ದು ಕಾಗದವೋ ಕರೆಯೋಲೆಯೋ ಎಂಬುದು ಸ್ಪಷ್ಟವಾಗುವುದಿಲ್ಲ. ‘ಹಸ್ತನಿರ್ಮಿತ’ ಭಾರವಾಯಿತು, ‘ಕೈಬರಹದ’ ಎಂದರೆ ಅಕ್ಷರಗಳಿಗಷ್ಟೇ ಸಲ್ಲುತ್ತದೆ. ಸದ್ಯಕ್ಕೆ ‘ಕೈಗೆಲಸದ ಕರೆಯೋಲೆ’ ಎಂದು ಬರೆದಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಎರಡನೆಯದು. ಚದರ ಮೀಟರಿಗೆ 250 ಗ್ರಾಂ ತೂಗುವಂತಹ ದಪ್ಪ ಕಾಗದವನ್ನು ನೇರವಾಗಿ ಮಡಿಸಿದರೆ ಮಡಿಕೆಯ ಹೊರಮೈ ಸೀಳಿ ಒಳಗಿನ ನಾರು ಕಾಣಿಸಿಕೊಳ್ಳಬಹುದು. ಅದಕ್ಕಾಗಿ ಮಡಿಸುವ ಮೊದಲು ಮೊಂಡು ತುದಿಯ ಸಾಧನವೊಂದನ್ನು ಅಳತೆಪಟ್ಟಿಯ ಗುಂಟ ಒತ್ತಿ ಎಳೆದು, ಕಾಗದದಲ್ಲಿ ತೆಳುವಾದ ತಗ್ಗನ್ನು ಮೂಡಿಸುತ್ತಾರೆ. 148×210 ಮಿ.ಮೀ. ಅಳತೆಯ ಎ5 ಹಾಳೆಯನ್ನು ನಡುವೆ ಮಡಿಸಿ 105×148 ಮಿ.ಮೀ.ಗೆ ತಂದು, 114×162 ಮಿ.ಮೀ.ನ ಸಿ6 ಲಕೋಟೆಯಲ್ಲಿ ಇಡಬೇಕಾದಾಗ ಈ ತಗ್ಗು ಸ್ವಲ್ಪ ಓರೆಯಾದರೂ ಎರಡು ಮಗ್ಗುಲುಗಳ ಅಂಚು ಕೂಡುವುದಿಲ್ಲ. ಇಷ್ಟು ಮುಖ್ಯವಾದ ಗೆರೆಗೆ ಹೆಸರೇನು? ಮುದ್ರಣದವರು ‘ಕ್ರೀಸಿಂಗ್’ ಎನ್ನುತ್ತಾರೆ. ‘ಗೀರು’ ಎಂದು ಬರೆದು ಹೊಡೆದುಹಾಕಿದೆ: ಗೀರಿದರೆ ಮೈ ಹರಿಯುತ್ತದೆ, ಇಲ್ಲಿ ನಾರು ಹರಿಯಬಾರದು, ಅದುಮಿಕೊಳ್ಳಬೇಕು. ‘ಮಡಿಕೆ’ಯೂ ಅಲ್ಲ, ಅದು ಮಡಿಸಿದ ಮೇಲೆ ಉಂಟಾಗುವಂಥದು. ‘ಒತ್ತುಗೆರೆ’ ಎಂಬುದು ನಾನೇ ಕಟ್ಟಿಕೊಂಡ ಪದ. ಅರ್ಥಕ್ಕೆ ಹೊಂದುತ್ತದೆ, ಆದರೆ ಅಕ್ಷರವಿನ್ಯಾಸವನ್ನು ಕುರಿತ ಅಧ್ಯಾಯದಲ್ಲಿ ಒತ್ತಕ್ಷರದ ಮಾತು ಬರುವಾಗ ಓದುಗರು ಎರಡನ್ನೂ ಬೆರೆಸಿಕೊಂಡಾರು ಎಂಬ ಅಳುಕಿದೆ.

ಇದಕ್ಕೆ ಅಂಟಿಕೊಂಡಂತೆ ಇನ್ನೊಂದಿದೆ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ನಯವಾಗಿ ಬರುತ್ತದೆ. ಆ ದಿಕ್ಕನ್ನು ನಾನು ‘ಎಳೆ’ ಎಂದು ಕರೆದು ‘ಎಳೆಗುಂಟ ಮಡಿಸಿ’ ಎಂದು ಬರೆದಿದ್ದೇನೆ. ಬಟ್ಟೆಯ ಹಾಸು-ಹೊಕ್ಕು ಎಂಬ ಪದಗಳನ್ನು ಬಳಸಲು ಮನಸ್ಸಾಗಲಿಲ್ಲ, ಕಾಗದವನ್ನು ಯಾರೂ ನೇಯುವುದಿಲ್ಲವಲ್ಲ. ಕೈಯಿಂದ ತಯಾರಿಸಿದ ಕಾಗದದಲ್ಲಿ ನಾರುಗಳು ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಹರಡಿಕೊಂಡಿರುವುದರಿಂದ ಅಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.

ಪುಸ್ತಕಗಳಿಗೆ ರಟ್ಟು ಕಟ್ಟುವವರಲ್ಲಿ ಅಥವಾ ಕಾಗದದ ಪೆಟ್ಟಿಗೆಗಳನ್ನು ಮಾಡುವವರಲ್ಲಿ ಒತ್ತಿ ಎಳೆದ ಆ ಗೆರೆಗೆ ಬಳಕೆಯ ಮಾತೊಂದು ಇದ್ದರೆ, ಅದು ಎಷ್ಟೇ ಒರಟಾಗಿರಲಿ, ‘ಒತ್ತುಗೆರೆ’ಯನ್ನು ಬಿಟ್ಟು ಅದನ್ನೇ ಬಳಸುತ್ತೇನೆ. ಅಂತಹ ಮಾತನ್ನು ಕೇಳಿದವರು ದಯವಿಟ್ಟು ಯಾವ ಕೆಲಸದಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರೆಂಬುದನ್ನೂ ಸೇರಿಸಿ ತಿಳಿಸಬೇಕಾಗಿ ಕೋರುತ್ತೇನೆ.