ಮನೆಯೊಳಗಿನ ಟವರಿಗೆ ಬಾಡಿಗೆ

ಗಾದಿಲಿಂಗನಿಗೆ ಬಿಸಿನೆಸ್ ಐಡಿಯಾ ಬರುವುದು ಬೇಸಿಗೆಯಲ್ಲಿ ಮಾತ್ರ. ಬಳ್ಳಾರಿಯಲ್ಲಿ ಬೇಸಿಗೆ ಹತ್ತು ತಿಂಗಳು ಇರುವುದರಿಂದ ನಮಗೆ ಪುರುಸೊತ್ತೇ ಇಲ್ಲ. ಈ ಸಲ ರಾಯಲ್ ಸರ್ಕಲ್ ಹತ್ತಿರದ ಮಿರ್ಚಿ ಬಂಡಿಯ ಮುಂದೆ, ಒಗ್ಗರಣೆ ಪ್ಲೇಟು ಕೈಯಲ್ಲಿ ಹಿಡಿದುಕೊಂಡೇ ಘೋಷಿಸಿದ.

"ವೈಫೈ ಬೂತ್ ಹಾಕುತ್ತೇನೆ. ಜನ ಬರಬೇಕು, ಇಂಟರ್ನೆಟ್ ಮೇಲೆ ಫೋನ್ ಮಾಡಬೇಕು, ದುಡ್ಡು ಕೊಟ್ಟು ಹೋಗಬೇಕು."

ಅವನ ಅಪ್ಪನಿಗೆ ಕೌಲ್ ಬಜಾರಿನಲ್ಲಿ ಎಸ್‌ಟಿಡಿ ಬೂತ್ ಇತ್ತು. ಹಳದಿ ಬೋರ್ಡು, ಗಾಜಿನ ಗೂಡು, ರಾತ್ರಿ ಹನ್ನೊಂದಾದ ಮೇಲೆ ಕಾಲು ಚಾರ್ಜು ಅಂತ ಕಾದು ನಿಂತ ಕ್ಯೂ. ಆ ಕ್ಯೂ ಇವನ ತಲೆಯೊಳಗೆ ಇನ್ನೂ ನಿಂತೇ ಇದೆ.

ಮೇಷ್ಟ್ರು ಮಿರ್ಚಿಯ ತುದಿ ಕಚ್ಚಿ, ಒಮ್ಮೆ ಉಸ್ಸೆಂದು, ಆಮೇಲೆ ಬಾಯಿ ಬಿಟ್ಟರು. "ಬೂತ್ ಹಾಕಲು ಅಡ್ಡಿ ಏನಿಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ-ವಾಣಿ ಅಂತ ಯೋಜನೆ ತಂದಿದೆ. ಚಹಾ ಅಂಗಡಿಯವನೂ ವೈಫೈ ಮಾರಬಹುದು, ಲೈಸೆನ್ಸೂ ಬೇಡ. ಆದರೆ ಕೊಳ್ಳುವವನು ಎಲ್ಲಿ? ಎಲ್ಲರ ಜೇಬಿನಲ್ಲೂ ದಿನಕ್ಕೆ ಒಂದೂವರೆ ಜಿಬಿ ಬಿದ್ದಿದೆ."

"ಅದು ರೀಲ್ಸಿಗೇ ಸಾಲುವುದಿಲ್ಲ ಸರ್."

"ರೀಲ್ಸ್ ಬಿಡು. ವಾಟ್ಸಾಪಿನಲ್ಲಿ ಬರೀ ಮಾತಾಡಿದರೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ಊಟ ನಿದ್ದೆ ಬಿಟ್ಟು ಒಂದು ದಿನ ಪೂರ್ತಿ ಮಾತಾಡು. 1440 ನಿಮಿಷ, 720 ಎಂಬಿ. ಅರ್ಧ ಪ್ಯಾಕೂ ಖಾಲಿಯಾಗಲ್ಲ."

ಪಂಪಾಪತಿಗೆ ಇದು ಲೆಕ್ಕದ ಹಾಗೆ ಕೇಳಿಸಲಿಲ್ಲ, ಸವಾಲಿನ ಹಾಗೆ ಕೇಳಿಸಿತು. ಅವನದು ಜೀನ್ಸ್ ಹೊಲಿಸುವ ವರ್ಕ್‌ಶಾಪು. ಜಿಪ್ಪು ಬಂದಿಲ್ಲ ಅಂತ ಫೋನ್ ಮಾಡಿದರೆ, ಜಿಪ್ಪು ಬಂದು ಮುಟ್ಟುವ ತನಕ ಮಾತಾಡುತ್ತಲೇ ಇರಬಲ್ಲ.

ಮಾತು ಮಾರಲು ಹೋದವರ ಕಥೆಗಳು ಮೇಷ್ಟ್ರ ಬಳಿ ಬೇಕಾದಷ್ಟಿವೆ. "ಇಂಟರ್ನೆಟ್ ಮೇಲೆ ಫೋನ್ ಮಾಡುವ ಸ್ಕೈಪ್ ಶುರುವಾಗಿದ್ದು 2003ರಲ್ಲಿ. ಎರಡೇ ವರ್ಷಕ್ಕೆ ಇಬೇ ಕಂಪನಿ 260 ಕೋಟಿ ಡಾಲರಿಗೆ ಕೊಂಡಿತು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಸುರಿಯಿತು. 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿದರು."

"850 ಕೋಟಿ ಡಾಲರಿಗೆ ಸಂಡೂರಿನ ಗುಡ್ಡವನ್ನೇ ಕೊಳ್ಳಬಹುದಿತ್ತಲ್ಲ" ಎಂದು ಎರ್ರಿಸ್ವಾಮಿ ಮರುಗಿದ.

"ಗುಡ್ಡ ಆಗಲೇ ಲಾರಿ ಹತ್ತಿ ಹೋಗಿದೆ" ಎಂದೆ ನಾನು.

ಮೇಷ್ಟ್ರು ನಿಲ್ಲಿಸಲಿಲ್ಲ. "ನಮ್ಮ ದೇಶದ್ದೇ ನೋಡು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್, ಇಂಟರ್ನೆಟ್ ಕರೆಗೆ ಬೇರೆ ಚಾರ್ಜು ಅಂದಿತು. ಜನ ಕೂಗಾಡಿದರು, ಕೆಲವೇ ದಿನದಲ್ಲಿ ಸುಮ್ಮನಾಯಿತು. 2016ರಲ್ಲಿ ಜಿಯೋ ಬಂದು ಕರೆಯೇ ಫ್ರೀ ಅಂದಿತು. ಇನ್ನೆರಡು ವರ್ಷ ಬಿಟ್ಟು ಬಿಎಸ್‌ಎನ್‌ಎಲ್ ಬಂತು. ವಿಂಗ್ಸ್ ಅಂತ ಆ್ಯಪ್ ಹಾಕಿಕೊಳ್ಳಿ, ವೈಫೈ ಮೇಲೆ ಯಾವ ನಂಬರಿಗಾದರೂ ಮಾತಾಡಿ, ವರ್ಷಕ್ಕೆ 1099 ರೂಪಾಯಿ ಕೊಡಿ ಅಂದಿತು."

"ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗಾಯಿತು" ಎಂದ ಪಂಪಾಪತಿ. ಆಮೇಲೆ ಅವನಿಗೇ ಒಂದು ಅನುಮಾನ ಬಂತು. "ಕರೆ ಫ್ರೀ ಅಂದರೆ, ನಮ್ಮಮ್ಮನ ಕೀಪ್ಯಾಡ್ ಫೋನಿಗೆ ನಾನು ಯಾಕೆ ಡೇಟಾ ಪ್ಯಾಕ್ ಹಾಕಿಸುತ್ತಿದ್ದೆ?"

"ಫ್ರೀ ಅಲ್ಲಪ್ಪಾ, ಡೇಟಾದ ಬಿಲ್ಲಿನೊಳಗೆ ಕೂಡಿಸಿದ್ದಾರೆ. ಡೇಟಾ ಮುಟ್ಟದವರೂ ಅದರ ದುಡ್ಡು ಕಟ್ಟುತ್ತಿದ್ದರು. ಅದಕ್ಕೇ 2024ರ ಡಿಸೆಂಬರಿನಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್, ಬರೀ ಮಾತು ಮತ್ತು ಎಸ್ಎಂಎಸ್ ಇರುವ ಪ್ಯಾಕನ್ನೂ ಕೊಡಿ ಅಂತ ಕಂಪನಿಗಳಿಗೆ ಹೇಳಿತು."

ಅಷ್ಟರಲ್ಲಿ ಮಹಬೂಬ್ ಬಂದ. ಅವನ ಭಾವ ದುಬೈನಲ್ಲಿದ್ದಾನೆ. ಅಲ್ಲಿ ವಾಟ್ಸಾಪ್ ಮೆಸೇಜ್ ಬರುತ್ತದೆ, ಕಾಲ್ ಹೋಗುವುದಿಲ್ಲ. ಸರ್ಕಾರವೇ ಬಂದ್ ಮಾಡಿದೆ. ಪರವಾನಗಿ ಇರುವ ಬೋಟಿಮ್‌ನಂಥ ಆ್ಯಪಿನಲ್ಲಿ ಮಾತಾಡಬೇಕು. ಅಕ್ಕ ಭಾವ ಇಬ್ಬರಿಗೂ ಅದು ಹಿಡಿಸಲಿಲ್ಲವಂತೆ. ಈಗ ಜಗಳವನ್ನೆಲ್ಲ ವಾಯ್ಸ್ ಮೆಸೇಜಿನಲ್ಲೇ ಮಾಡುತ್ತಾರೆ. ಬೆಳಿಗ್ಗೆ ಅಕ್ಕ ಬೈದರೆ ಸಂಜೆ ಡ್ಯೂಟಿ ಮುಗಿಸಿ ಭಾವ ಕೇಳುತ್ತಾನೆ. ಅಷ್ಟೊತ್ತಿಗೆ ಇಲ್ಲಿ ಅಕ್ಕನಿಗೆ ಸಿಟ್ಟು ಇಳಿದಿರುತ್ತದೆ. "ಇಬ್ಬರೂ ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಸಂಸಾರ ಚೆನ್ನಾಗಿ ನಡೆದಿದೆ" ಎಂದ ಮಹಬೂಬ್.

ಗಾದಿಲಿಂಗನ ಕಣ್ಣು ಮಿನುಗಿತು. ನಮಗೆ ತಮಾಷೆ ಕಂಡ ಕಡೆ ಅವನಿಗೆ ಮಾರ್ಕೆಟ್ ಕಂಡಿತ್ತು. "ಅಂದರೆ ಬಂದ್ ಮಾಡಿದ ಕಡೆ ಮಾತ್ರ ಮಾತಿಗೆ ರೇಟು ಇದೆ, ಅಲ್ವಾ? ಹಾಗಾದರೆ ಬಳ್ಳಾರಿಯಲ್ಲಿ ವಾಟ್ಸಾಪ್ ಕಾಲ್ ಬಂದ್ ಮಾಡಿಸಲು ಯಾರನ್ನು ನೋಡಬೇಕು?"

ಇದಕ್ಕೆ ಉತ್ತರ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಅವನು ನಿಜವಾಗಿಯೂ ಹೋಗಿ ನೋಡುವ ಜಾತಿ.

ಮಾತು ತಿರುಗಿಸಲು ಎರ್ರಿಸ್ವಾಮಿ ತನ್ನ ಮನೆಯ ಸುದ್ದಿ ತೆಗೆದ. ಕೋಟೆ ಗುಡ್ಡದ ಬುಡದಲ್ಲಿ ತಾತನ ಕಾಲದ ಮನೆ, ಕಲ್ಲಿನ ದಪ್ಪ ಗೋಡೆ. ಬಿಸಿಲು ಒಳಗೆ ಬರಲ್ಲ, ಸಿಗ್ನಲ್ಲೂ ಬರಲ್ಲ. ಫೋನ್ ಬಂದರೆ ಮಾಳಿಗೆಗೆ ಓಡಬೇಕು. ಮೇ ತಿಂಗಳ ಮಧ್ಯಾಹ್ನ ಆ ಮಾಳಿಗೆಯಲ್ಲಿ ನಿಂತು ಇವನು ಮಾತಾಡಿದರೆ ಎಲ್ಲ ಮಾತೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇದರಿಂದ ಬೀಗರ ಜೊತೆ ಮನಸ್ತಾಪವೂ ಆಗಿತ್ತು. ಮೊನ್ನೆ ಮಗ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಅಂತ ಏನೋ ಒತ್ತಿದ. ಈಗ ಅಡುಗೆಮನೆಯಲ್ಲೇ ಗಂಟೆಯ ಸದ್ದಿನಷ್ಟು ಸ್ಪಷ್ಟ.

"ಅದು ವಾಟ್ಸಾಪ್ ಅಲ್ಲ" ಎಂದರು ಮೇಷ್ಟ್ರು. "ಮಾಮೂಲಿ ನಂಬರಿನ ಕಾಲೇ. ದನಿ ನಿಮ್ಮ ವೈಫೈ ಹಿಡಿದು, ಇಂಟರ್ನೆಟ್ ದಾಟಿ, ಫೋನ್ ಕಂಪನಿಯ ಯಂತ್ರಕ್ಕೆ ಸೇರುತ್ತದೆ. ಮುಂದೆ ಎಂದಿನ ದಾರಿ. ಆ ಕಡೆ ಕೀಪ್ಯಾಡ್ ಫೋನ್ ಇದ್ದರೂ ನಡೆಯುತ್ತದೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ ಶುರು ಮಾಡಿತು, ಜಿಯೋ ಮುಂದಿನ ತಿಂಗಳು. ಬೇರೆ ಚಾರ್ಜಿಲ್ಲ."

"ಯಾಕಿಲ್ಲ? ಅವರೇನು ಧರ್ಮಛತ್ರ ಇಟ್ಟಿದ್ದಾರಾ?"

ನನಗಂತೂ ಇದರ ಗುಟ್ಟು ಇಷ್ಟೇ ಅನಿಸುತ್ತದೆ. ನಿಮ್ಮ ಮನೆಯೊಳಗೆ ಸಿಗ್ನಲ್ ಮುಟ್ಟಿಸಲು ಹತ್ತಿರದಲ್ಲಿ ಇನ್ನೊಂದು ಟವರ್ ನಿಲ್ಲಿಸಬೇಕಿತ್ತು. ಆ ಖರ್ಚು ಉಳಿಯಿತು. ಸಿಗ್ನಲ್ ಇಲ್ಲ ಅಂತ ಬೇರೆ ಕಂಪನಿಗೆ ಹಾರುವ ಗಿರಾಕಿಯೂ ಉಳಿದ. ಇದನ್ನೇ ನಾನು ಬಾಯಿ ಬಿಟ್ಟು ಹೇಳಿದೆ. ಹೇಳಬಾರದಿತ್ತು.

ಎರ್ರಿಸ್ವಾಮಿಯ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. "ಅಂದರೆ ಟವರಿನ ಕೆಲಸ ನನ್ನ ರೂಟರ್ ಮಾಡುತ್ತಿದೆ?"

"ಒಂದು ಲೆಕ್ಕಕ್ಕೆ ಹೌದು."

"ಕರೆಂಟ್ ಬಿಲ್ ನಂದು. ಬ್ರಾಡ್‌ಬ್ಯಾಂಡ್ ಬಿಲ್ ನಂದು. ಸಿಮ್ಮಿಗೆ ರೀಚಾರ್ಜೂ ನಂದೇ. ಪಕ್ಕದ ಮನೆಯವನ ಮಾಳಿಗೆ ಮೇಲೆ ಟವರ್ ಇದೆ, ಅವನಿಗೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ನಾನು ಅಡುಗೆಮನೆಯಲ್ಲಿ ಟವರ್ ಇಟ್ಟುಕೊಂಡು ನಾನೇ ಬಾಡಿಗೆ ಕಟ್ಟುತ್ತಿದ್ದೇನಾ?"

ಆಗಲೇ ಕರೆಂಟ್ ಹೋಯಿತು. ಇಡೀ ಬೀದಿ ಕತ್ತಲು. "ಈಗ ನಿನ್ನ ಟವರೂ ಬಂದ್" ಎಂದ ಪಂಪಾಪತಿ. ಅದು ಖರೇನೇ. ಟವರಿಗೆ ಬ್ಯಾಟರಿ, ಜನರೇಟರ್ ಇರುತ್ತದೆ. ರೂಟರಿಗೆ ಯಾರೂ ಇಲ್ಲ. ಕತ್ತಲಲ್ಲಿ ಗಾದಿಲಿಂಗನ ದನಿ ಬಂತು: "ರೂಟರಿಗೆ ಸಣ್ಣ ಬ್ಯಾಟರಿ ಮಾರಿದರೆ?" ಮೊಬೈಲ್ ಅಂಗಡಿಯವರು ಆಗಲೇ ಮಾರುತ್ತಿದ್ದಾರೆ ಅಂತ ಮಹಬೂಬ್ ಹೇಳಿದ. ಹತ್ತು ನಿಮಿಷ ಗಾದಿಲಿಂಗ ಯಾರ ಜೊತೆಯೂ ಮಾತಾಡಲಿಲ್ಲ.

ಎರ್ರಿಸ್ವಾಮಿ ಮಾತ್ರ ಬಿಡಲಿಲ್ಲ. ಮೊಬೈಲ್ ಟಾರ್ಚ್ ಹಾಕಿ, ಮಿರ್ಚಿ ಕಟ್ಟುವ ಪೇಪರೊಂದನ್ನು ಮೇಷ್ಟ್ರ ಮುಂದೆ ಹಿಡಿದ. "ಅರ್ಜಿ ಬರೆಯಿರಿ ಸರ್. ವಿಷಯ, ಟವರ್ ಬಾಡಿಗೆ ಬಾಕಿ."

ಮೇಷ್ಟ್ರು ಪೆನ್ನು ತೆಗೆದರು. ಅರ್ಜಿ ಅಂದರೆ ಅವರಿಗೆ ಕೈ ತಡೆಯಲ್ಲ. "ಟವರಿನ ಎತ್ತರ ಎಷ್ಟು?"

"ಆರು ಇಂಚು. ಆಂಟೆನಾ ಎತ್ತಿದರೆ ಒಂಬತ್ತು."

"ಎತ್ತಿದ್ದನ್ನೇ ಬರೆಯಿರಿ ಸರ್" ಎಂದ ಪಂಪಾಪತಿ, "ರೇಟ್ ಜಾಸ್ತಿ ಸಿಗುತ್ತದೆ."