ಬೇಗ ಬೆಳೆದ ತೇಗ ನಿಜಕ್ಕೂ ಮೆದುವೇ? 12 ವರ್ಷದ ನೆಡುತೋಪಿನ ಬಗ್ಗೆ ಪ್ರಶ್ನೆ

ತೋಪು12:
2×2 ಮೀಟರ್ ಅಂತರದಲ್ಲಿ ನೆಟ್ಟ ತೇಗ, ಈಗ 12 ವರ್ಷ. ಮೊದಲ ಆರು ವರ್ಷ ಹನಿ ನೀರಾವರಿ, ಗೊಬ್ಬರ ಎರಡೂ ಕೊಟ್ಟಿದೆ, ಆಮೇಲೆ ಇಲ್ಲ. ಹೆಕ್ಟೇರಿಗೆ ಸುಮಾರು 2200 ಮರ ಉಳಿದಿವೆ. ಎದೆಮಟ್ಟದಲ್ಲಿ ಸರಾಸರಿ ಸುತ್ತಳತೆ 38 ಸೆಂ.ಮೀ., ಎತ್ತರ 13 ಮೀಟರ್. ಒಂದು ಸಲವೂ ಥಿನ್ನಿಂಗ್ (ಕೆಲವು ಮರ ಕಡಿದು ಉಳಿದವಕ್ಕೆ ಜಾಗ ಬಿಡಿಸುವುದು) ಆಗಿಲ್ಲ. ಮಾದರಿಗೆ ಕಡಿದ ಮರದಲ್ಲಿ ಹೊರಗಿನ ಬಿಳಿ ಭಾಗವೇ ಸುತ್ತಲೂ 3 ಸೆಂ.ಮೀ. ಇದೆ, ಚೇಗು, ಅಂದರೆ ಒಳಗಿನ ಗಾಢ ಬಣ್ಣದ ಬಲಿತ ಭಾಗ, ನಡುವೆ ಇಷ್ಟೇ ಇಷ್ಟು. ಸೀಳಿದ ಹಲಗೆಗಳು ಬಾಗಿವೆ.

ನನ್ನ ಪ್ರಶ್ನೆ ಮೂರು. ನೀರು ಕೊಟ್ಟು ಬೇಗ ಬೆಳೆಸಿದ್ದರಿಂದ ಮರ ಮೆದುವಾಯಿತೇ? ಈಗ ಥಿನ್ನಿಂಗ್ ಮಾಡಿದರೆ ಗುಣಮಟ್ಟ ಸುಧಾರಿಸುತ್ತದೆಯೇ, ಕೆಡುತ್ತದೆಯೇ? ಕೊಂಬೆ ಸವರುವ ಕಾಲ ಮೀರಿತೇ?

ಉಳಿಕೊಡತಿ:
ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಬಳೆಗಳು ಒತ್ತೊತ್ತಾಗಿದ್ದಷ್ಟೂ ಮರ ಗಟ್ಟಿ. ಅಮೆರಿಕದ ಸದರ್ನ್ ಪೈನ್ ದರ್ಜೆ ನಿಯಮದಲ್ಲೂ 'ದಟ್ಟ' ಅನ್ನಿಸಿಕೊಳ್ಳಲು ಇಂಚಿಗೆ ಸರಾಸರಿ ಆರು ಬಳೆ ಕೇಳುತ್ತಾರೆ. ಈಗ ಜಾಗ ಬಿಡಿಸಿದರೆ ಬಳೆ ಮತ್ತೆ ಅಗಲವಾಗುತ್ತದೆ. ಹಾಗೇ ಬಿಡಿ, ನಿಧಾನಕ್ಕೆ ಬೆಳೆದರೆ ತಾನಾಗಿ ಗಟ್ಟಿಯಾಗುತ್ತದೆ.

ಅಡ್ಡಕೊಯ್ತ:
ಆ ನಿಯಮದ ಇನ್ನರ್ಧವನ್ನೂ ಹೇಳಬೇಕು. ಆರು ಬಳೆಯ ಜೊತೆಗೆ ಬಳೆಯ ಮೂರನೇ ಒಂದು ಭಾಗ ಗಾಢ ಬಣ್ಣದ ಪಟ್ಟಿ ಇರಬೇಕು. ಆ ಪಟ್ಟಿ ಅರ್ಧದಷ್ಟಿದ್ದರೆ ನಾಲ್ಕು ಬಳೆಯೂ ಸಾಕು. ಅಲ್ಲಿ ಬೆಲೆ ಇರುವುದು ಗಾಢ ಪಟ್ಟಿಯ ಪಾಲಿಗೆ. ಬಳೆಯ ಎಣಿಕೆ ಅದನ್ನು ಅಂದಾಜು ಮಾಡುವ ದಾರಿ. ಪೈನ್‌ನಲ್ಲಿ ಬೇಗ ಬೆಳೆದರೆ ಮೆದುವಾದ ತಿಳಿಪಟ್ಟಿ ಹಿಗ್ಗುತ್ತದೆ, ಅದಕ್ಕೇ ಮರ ಹಗುರ.

ತೇಗದ ಕಥೆ ಇದಕ್ಕೆ ತಿರುಗುಮುರುಗು. ಬೆಳವಣಿಗೆಯ ಹಂಗಾಮು ಶುರುವಾಗುವಾಗ ತೇಗ ದೊಡ್ಡ ರಂಧ್ರಗಳ ಒಂದು ಸಾಲು ಹಾಕುತ್ತದೆ. ಬಳೆ ಎಷ್ಟೇ ಅಗಲವಾಗಲಿ, ಆ ಸಾಲಿನ ಅಗಲ ಹೆಚ್ಚುಕಡಿಮೆ ಅಷ್ಟೇ. ಉಳಿದದ್ದನ್ನು ದಪ್ಪ ಗೋಡೆಯ ನಾರು ತುಂಬುತ್ತದೆ. ಒಂದು ಮಿ.ಮೀ. ಬಳೆಯಲ್ಲಿ ಬಹುಪಾಲು ರಂಧ್ರವೇ, ಐದು ಮಿ.ಮೀ. ಬಳೆಯಲ್ಲಿ ನಾರೇ ಹೆಚ್ಚು. ಓಕ್, ಆ್ಯಶ್ ಮರಗಳೂ ಹೀಗೇ. ಮಹಾಗನಿಯಂಥವುಗಳಲ್ಲಿ ರಂಧ್ರ ಬಳೆಯ ತುಂಬ ಹರಡಿರುವುದರಿಂದ ಬಳೆಯ ಅಗಲ ನೋಡಿ ಗಟ್ಟಿತನ ಹೇಳಲಾಗದು.

ತೋಪು12, ನೀವು ಕೊಟ್ಟ ಅಳತೆಯ ಪ್ರಕಾರ ವ್ಯಾಸ 12 ಸೆಂ.ಮೀ., ಅಂದರೆ ವರ್ಷಕ್ಕೆ ಸರಾಸರಿ 5 ಮಿ.ಮೀ. ಬಳೆ. ಆದರೆ ಆ ಸರಾಸರಿಯೊಳಗೆ ಎರಡು ಕಾಲ ಅಡಗಿದೆ. ಮಾದರಿಯ ಅಡ್ಡಕೊಯ್ತವನ್ನು ಉಜ್ಜಿ ನುಣುಪು ಮಾಡಿ ಅಳೆಯಿರಿ: ನೀರು ಕೊಟ್ಟ ವರ್ಷಗಳ ಬಳೆ ಅಗಲವಾಗಿಯೂ ಇತ್ತೀಚಿನವು ಕೂದಲೆಳೆಯಂತೆಯೂ ಇದ್ದರೆ, ಈಗ ಹೊರಗೆ ಕೂಡುತ್ತಿರುವುದೇ ರಂಧ್ರ ಹೆಚ್ಚಿರುವ ಮರ. 'ಹಾಗೇ ಬಿಡಿ' ಅಂದರೆ ಅದನ್ನೇ ಮುಂದುವರಿಸಿದಂತೆ.

ಇನ್ನು ದೂರು ನೀರಿನ ಮೇಲಲ್ಲ, ವಯಸ್ಸಿನ ಮೇಲೆ ಹೋಗಬೇಕು. ನಡುದಿಂಡಿನ (ಕಾಂಡದ ನಟ್ಟನಡುವಿನ ಮೆದು ತಿರುಳು) ಸುತ್ತ ಮೊದಲ ವರ್ಷಗಳಲ್ಲಿ ಕೂಡುವುದು ಎಳೆಮರ. ಅದರಲ್ಲಿ ನಾರು ಗಿಡ್ಡ, ಕೋಶಗೋಡೆ ತೆಳು, ಗೋಡೆಯೊಳಗಿನ ಸೆಲ್ಯುಲೋಸ್ ಎಳೆಗಳ ಸುರುಳಿ ಹೆಚ್ಚು ಓರೆ. ತೇಗದಲ್ಲಿ ಈ ಅವಧಿ, ಯಾವ ಗುಣ ಅಳೆಯುತ್ತೀರಿ ಅನ್ನುವುದರ ಮೇಲೆ, ಸುಮಾರು 15ರಿಂದ 25 ವರ್ಷ. ಪೈನ್‌ಗೆ ಹೋಲಿಸಿದರೆ ತೇಗದಲ್ಲಿ ಎಳೆಮರಕ್ಕೂ ಬಲಿತ ಮರಕ್ಕೂ ಬಲದಲ್ಲಿ ಅಂತರ ಕಡಿಮೆ. ಬಾಳಿಕೆಯಲ್ಲಿ ಮಾತ್ರ ಅಂತರ ದೊಡ್ಡದು. ಗೆದ್ದಲು ತಡೆಯುವ ಟೆಕ್ಟೋಕ್ವಿನೋನ್‌ನಂಥ ರಾಸಾಯನಿಕ ಇರುವುದು ಚೇಗಿನಲ್ಲಿ, ಬಿಳಿ ಭಾಗದಲ್ಲಲ್ಲ. ಎಳೆಯ ಮರದ ಚೇಗಿನಲ್ಲೂ ಅದು ಕಡಿಮೆ.

ಬಿಳಿ ಭಾಗ 3 ಸೆಂ.ಮೀ. ಹಾಗೇ ಉಳಿಯುತ್ತದೆ ಅಂದುಕೊಂಡು ಲೆಕ್ಕ ಹಾಕಿ. 12 ಸೆಂ.ಮೀ. ವ್ಯಾಸದ ಮರದಲ್ಲಿ ಚೇಗಿನ ಪಾಲು 25%, 20ರಲ್ಲಿ 49%, 30ರಲ್ಲಿ 64%, 40ರಲ್ಲಿ 72%. ಗೊಬ್ಬರದಿಂದ ಚೇಗು ಹೆಚ್ಚಿಸುವ ಉಪಾಯ ಮಾರುವವರಿದ್ದಾರೆ. ದಪ್ಪ ಮತ್ತು ವಯಸ್ಸು ಬಿಟ್ಟರೆ ಬೇರೆ ದಾರಿ ಇಲ್ಲ.

ಸಾಮಿಲ್ಲು:
ಹಲಗೆ ಬಾಗಿದ್ದು ಯಾವಾಗ ಅನ್ನುವುದು ಮುಖ್ಯ. ಗರಗಸದಿಂದ ಈಚೆಗೆ ಬರುವಾಗಲೇ ಬಾಗಿದರೆ ಅದು ಬೆಳವಣಿಗೆಯ ಬಿಗಿತ. ನಿಂತ ಮರದಲ್ಲಿ ಹೊರಪದರ ಉದ್ದಕ್ಕೆ ಎಳೆತದಲ್ಲಿರುತ್ತದೆ, ಒಳಭಾಗ ಒತ್ತಡದಲ್ಲಿ. ಸೀಳಿದ ಕೂಡಲೇ ಹೊರಮೈ ಕುಗ್ಗಿ ಹಲಗೆ ಆ ಕಡೆಗೆ ಬಿಲ್ಲಾಗುತ್ತದೆ. ನೀಲಗಿರಿಯಲ್ಲಿ ಇದು ವಿಪರೀತ, ಕಡಿದ ದಿಮ್ಮಿಯ ತುದಿಯೇ ನಕ್ಷತ್ರದ ಹಾಗೆ ಸೀಳುತ್ತದೆ. ದಿಮ್ಮಿ ಸಣ್ಣದಾದಷ್ಟೂ ಅದೇ ಬಿಗಿತ ಕಡಿಮೆ ದೂರದಲ್ಲಿ ಬದಲಾಗಬೇಕು, ಅದಕ್ಕೇ ಸಣ್ಣ ದಿಮ್ಮಿ ಹೆಚ್ಚು ಬಾಗುತ್ತದೆ. ಒಂದೇ ಬದಿಯಿಂದ ಹಲಗೆ ತೆಗೆಯುತ್ತ ಹೋಗಬೇಡಿ. ಒಂದು ಈ ಕಡೆ, ಇನ್ನೊಂದು ಎದುರು ಕಡೆ ಅಂತ ದಿಮ್ಮಿ ತಿರುಗಿಸಿ ತೆಗೆಯಿರಿ.

ಒಣಗುತ್ತ ಬಾಗಿದ್ದರೆ ಕಾರಣ ಬೇರೆ. ಸರಿಯಾದ ಮರ ಹಸಿಯಿಂದ ಪೂರ್ತಿ ಒಣಗುವವರೆಗೆ ಉದ್ದಕ್ಕೆ ಕುಗ್ಗುವುದು 0.1ರಿಂದ 0.2%, ಅಂದರೆ 2 ಮೀಟರ್ ಹಲಗೆಯಲ್ಲಿ ಹೆಚ್ಚೆಂದರೆ 4 ಮಿ.ಮೀ. ಎಳೆಮರ, ಅಥವಾ ವಾಲಿದ ಮರ ನೆಟ್ಟಗಾಗಲು ಕೂಡಿಸಿಕೊಳ್ಳುವ ಬಿಗಿನಾರು ಇದರ ಹಲವು ಪಟ್ಟು ಕುಗ್ಗಬಲ್ಲದು. ಹಲಗೆಯ ಒಂದು ಮೈ ಹಾಗೆ ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಯಾವ ಭಾರ ಹೇರಿದರೂ ಅದು ನೆಟ್ಟಗಾಗದು.

ಬಿಗಿನಾರನ್ನು ಮಾದರಿಯಲ್ಲೇ ಗುರುತಿಸಬಹುದು. ಅಗಲ ಎಲೆಯ ಮರಗಳಲ್ಲಿ ಅದು ವಾಲಿಕೆಯ ಮೇಲ್ಬದಿಯಲ್ಲಿ ಕೂಡುತ್ತದೆ, ಪೈನ್ ಜಾತಿಯಲ್ಲಿ ಇದರ ಜೋಡಿ ಕೆಳಬದಿಯಲ್ಲಿ. ನಡುದಿಂಡು ಒಂದು ಕಡೆಗೆ ಸರಿದಿದೆಯೇ ನೋಡಿ. ಸೀಳಿದ ಮೈ ಉಣ್ಣೆಯಂತೆ ತುಪ್ಪುಳಾಗಿ ಎದ್ದಿದ್ದರೆ, ಗರಗಸ ಬಿಸಿಯಾಗಿ ಸಿಕ್ಕಿಕೊಂಡರೆ ಅದೇ.

ಇನ್ನೊಂದು ದೋಷಕ್ಕೆ ತೋಪಿನ ನಿರ್ವಹಣೆಯಲ್ಲಿ ಮದ್ದಿಲ್ಲ: ತಿರುಚಿದ ನಾರು. ಅದು ಬಹುಮಟ್ಟಿಗೆ ಬೀಜದಿಂದ ಬರುತ್ತದೆ. ತೊಗಟೆಯ ಗೀರುಗಳು ಕಾಂಡವನ್ನು ಸುತ್ತುತ್ತ ಏರಿದ್ದರೆ ಒಳಗಿನ ನಾರೂ ಬಹುತೇಕ ಹಾಗೇ. ನಾರು 20ಕ್ಕೆ 1ರಷ್ಟು (20 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ.) ಓರೆಯಾದರೆ ಬಾಗುಬಲ ಸುಮಾರು 93% ಉಳಿಯುತ್ತದೆ, 10ಕ್ಕೆ 1 ಆದರೆ 81%, 5ಕ್ಕೆ 1 ಆದರೆ 55%. ಅಂಥ ಮರವನ್ನು ಎಷ್ಟು ದಪ್ಪವಿದ್ದರೂ ಉಳಿಸಬೇಡಿ.

ತೋಪು12:
ಗರಗಸದ ಮೇಲೆ ಅಲ್ಪಸ್ವಲ್ಪ ಬಾಗಿತ್ತು, ಒಣಗುವಾಗ ಪೂರ್ತಿ ಬಾಗಿತು. ನಡುದಿಂಡು ಸರಿದಿಲ್ಲ. ಹೊರಗಿನ ನಾಲ್ಕು ಬಳೆ ತಲಾ 2 ಮಿ.ಮೀ.ಗೂ ಕಡಿಮೆ. ಹಾಗಾದರೆ ಥಿನ್ನಿಂಗ್ ಎಷ್ಟು? ಸಾಲು ಬಿಟ್ಟು ಸಾಲು ಕಡಿದರೆ ಆಗದೇ?

ಅಡ್ಡಕೊಯ್ತ:
ಸಾಲು ಲೆಕ್ಕದ ಕಡಿತ ನಾಲ್ಕೈದನೇ ವರ್ಷಕ್ಕೆ ಸರಿ, ಆಗ ಮರಗಳೆಲ್ಲ ಒಂದೇ ಅಂದದಲ್ಲಿರುತ್ತವೆ. 12ನೇ ವರ್ಷಕ್ಕೆ ಗೆದ್ದ ಮರ, ಸೋತ ಮರ ಬೇರೆಯಾಗಿವೆ. ಸಾಲು ಕಡಿದರೆ ಅತ್ಯುತ್ತಮ ಮರಗಳಲ್ಲಿ ಅರ್ಧವನ್ನು ಕೈಯಾರೆ ಕಳೆದುಕೊಳ್ಳುತ್ತೀರಿ.

ಕಡಿಯುವುದನ್ನಲ್ಲ, ಮೊದಲು ಉಳಿಸುವುದನ್ನು ಗುರುತು ಹಾಕಿ. ಹೆಕ್ಟೇರಿಗೆ 300 ಮರ, ಸರಿಸುಮಾರು ಆರು ಮೀಟರಿಗೊಂದು. ನೆಟ್ಟಗಿರಬೇಕು, ತುದಿ ಕವಲೊಡೆದಿರಬಾರದು, ನೆತ್ತಿ (ಮೇಲಿನ ಕೊಂಬೆ-ಎಲೆಗಳ ಕೊಡೆ) ನಾಲ್ಕೂ ಕಡೆ ಹರಡಿರಬೇಕು, ಬುಡದಲ್ಲಿ ಆಳವಾದ ತೋಡುಗಳಿರಬಾರದು, ಬೆಂಕಿಯ ಗಾಯ ಇರಬಾರದು. ಆಮೇಲೆ ಪ್ರತಿ ಗುರುತಿನ ಮರದ ನೆತ್ತಿಗೆ ತಾಗುವ, ಅದಕ್ಕಿಂತ ಎತ್ತರದ ಅಥವಾ ಸಮನಾದ ಎರಡು ಮೂರು ಪೈಪೋಟಿ ಮರ ತೆಗೆಯಿರಿ. ಗುರುತಿನ ಮರಕ್ಕೆ ತೊಂದರೆ ಕೊಡದ ಸಣ್ಣ ಮರಗಳು ಕಾಂಡಕ್ಕೆ ನೆರಳಾಗಿ ಸ್ವಲ್ಪ ಕಾಲ ನಿಲ್ಲಲಿ. 2200 ಇದ್ದದ್ದು 1300ರ ಆಸುಪಾಸಿಗೆ ಬಂದರೆ ಈ ಸಲಕ್ಕೆ ಸಾಕು.

ಒಂದೇ ಏಟಿಗೆ ಇನ್ನೂ ಹೆಚ್ಚು ತೆರೆಯಬಾರದು. ನಿಮ್ಮ ಮರದ ಎತ್ತರವನ್ನು ವ್ಯಾಸದಿಂದ, ಎರಡೂ ಮೀಟರಿನಲ್ಲಿ, ಭಾಗಿಸಿದರೆ 108 ಬರುತ್ತದೆ. 100 ದಾಟಿದ್ದು ಗಳುವಿನಂಥ ಮರ. ಅಕ್ಕಪಕ್ಕದ ಆಸರೆ ಹೋದ ಕೂಡಲೇ ಗಾಳಿಗೆ ಬಾಗುತ್ತದೆ. ಬಾಗಿದ ಮರ ನೆಟ್ಟಗಾಗಲು ಹೆಣಗುವಾಗಲೇ ಸಾಮಿಲ್ಲು ಹೇಳಿದ ಬಿಗಿನಾರು ಕೂಡುವುದು. ಜೊತೆಗೆ ಏಕಾಏಕಿ ಬಿಸಿಲು ಬಿದ್ದ ಕಾಂಡದಲ್ಲಿ ಮಲಗಿದ್ದ ಮೊಗ್ಗುಗಳು ಚಿಗುರುತ್ತವೆ, ಪ್ರತಿ ಚಿಗುರೂ ಮುಂದೆ ಒಂದು ಗಂಟು. ಅವನ್ನು ಎಳೆಯವಾಗಿರುವಾಗಲೇ, ಕೈಯಲ್ಲಿ ಕೀಳುವಂತಿರುವಾಗ ತೆಗೆಯಬೇಕು. ಕಡಿದ ಬುಡದ ಕೂಳೆಚಿಗುರನ್ನೂ ಬಿಡಬೇಡಿ.

ಈಗ ಕಾಂಡಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಹೆಕ್ಟೇರಿಗೆ ಸುಮಾರು 25 ಚದರ ಮೀಟರ್. ತೇಗಕ್ಕೆ 20 ದಾಟಿದರೇ ಇಕ್ಕಟ್ಟು. ಮೂರು ನಾಲ್ಕು ವರ್ಷಕ್ಕೆ ನೆತ್ತಿಗಳು ಮತ್ತೆ ಕೂಡಿಕೊಂಡಾಗ 700ಕ್ಕೆ ಇಳಿಸಿ, ಹಾಗೇ ಹಂತಹಂತವಾಗಿ ಗುರುತಿನ 300ಕ್ಕೆ. ಬಳೆ ವರ್ಷವರ್ಷವೂ ಸಮನಾಗಿರಲಿ ಅನ್ನುವುದೇ ಗುರಿ. ಒಳಗೆ 8 ಮಿ.ಮೀ., ಮಧ್ಯೆ 2, ಮತ್ತೆ 8 ಆದ ಹಲಗೆ ಕೀಸುಳಿಗೂ ಏರುಪೇರು, ಒಣಗುವಾಗಲೂ ಏರುಪೇರು.

ಸವರುವ ಕಾಲ ಅರ್ಧ ಮೀರಿದೆ. ಗಂಟು ಇರುವ ನಡುಭಾಗ ಆದಷ್ಟು ಸಣ್ಣದಿರಬೇಕು ಅನ್ನುವುದು ಸವರುವುದರ ಉದ್ದೇಶ. 30 ಸೆಂ.ಮೀ. ದಿಮ್ಮಿಯಲ್ಲಿ ಗಂಟಿನ ನಡುಭಾಗ 10 ಸೆಂ.ಮೀ. ಆದರೆ ಹೋಗುವುದು ಒಂಬತ್ತರಲ್ಲಿ ಒಂದು ಪಾಲು, 20 ಆದರೆ ಒಂಬತ್ತರಲ್ಲಿ ನಾಲ್ಕು. ನಿಮ್ಮದು 12ರಲ್ಲಿದೆ, ಹಾಗಾಗಿ ಗುರುತಿನ 300ಕ್ಕೆ ಮಾತ್ರ ಮಾಡಿ, ಐದಾರು ಮೀಟರ್ ಎತ್ತರದವರೆಗೆ. ಒಣಕೊಂಬೆ ಮೊದಲು, ಏಕೆಂದರೆ ಅದನ್ನು ಕಾಂಡ ನುಂಗಿದರೆ ಹಲಗೆಯಿಂದ ಕಳಚಿ ಬೀಳುವ ಸತ್ತ ಗಂಟಾಗುತ್ತದೆ. ಹಸಿ ಕೊಂಬೆಯನ್ನು ಬುಡದ ಉಬ್ಬಿಗೆ ಗಾಯವಾಗದಂತೆ, ಗೂಟ ಉಳಿಯದಂತೆ ಕೊಯ್ಯಿರಿ. ಹಸಿರು ನೆತ್ತಿಯ ಮೂರನೇ ಒಂದಕ್ಕಿಂತ ಹೆಚ್ಚು ಒಮ್ಮೆಗೆ ತೆಗೆಯಬೇಡಿ.

ಉಳಿಕೊಡತಿ:
ತೇಗಕ್ಕೆ ಪೈನ್ ಲೆಕ್ಕ ಹಾಕಿದ್ದು ನನ್ನ ತಪ್ಪು, ಒಪ್ಪಿದೆ. ಕಡಿದ 900 ಮರ ಏನಾಗಬೇಕು?

ಸಾಮಿಲ್ಲು:
ಹಲಗೆ ಮಾಡಬೇಡಿ. 12 ಸೆಂ.ಮೀ.ನಲ್ಲಿ ಎಲ್ಲಿ ಸೀಳಿದರೂ ನಡುದಿಂಡು ಒಂದು ಮೈಗೆ ಬಂದೇ ಬರುತ್ತದೆ. ಗಳುವಾಗಿ, ಕಂಬವಾಗಿ ಇಡಿಯಾಗಿ ಬಳಸಿ. ಚೌಕ ಮಾಡಲೇಬೇಕಾದರೆ ದಿಂಡು ಸರಿಯಾಗಿ ನಡುವೆ ಬರಲಿ, ಆಗ ನಾಲ್ಕೂ ಕಡೆಯ ಎಳೆತ ಸಮನಾಗುತ್ತದೆ. ಮೈಯಲ್ಲಿ ಉದ್ದಸೀಳು ಬಿಡುವುದು ತಪ್ಪದು, ಬಾಗುವುದು ತಪ್ಪುತ್ತದೆ.

ಮುಕ್ಕಾಲು ಪಾಲು ಬಿಳಿ ಮರ, ಅದರಲ್ಲಿ ಪಿಷ್ಟ ತುಂಬಿರುವುದರಿಂದ ಹುಡಿಹುಳ ಬೀಳುತ್ತದೆ. ತೊಗಟೆ ತೆಗೆದು, ಹಸಿಯಿರುವಾಗಲೇ ಬೊರಾಕ್ಸ್–ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಬಿಡಿ. ಮರದ ನೀರಿನ ಮೂಲಕವೇ ಬೋರಾನ್ ಒಳಗಿಳಿಯುತ್ತದೆ. ಒಣಗಿದ ಮೇಲೆ ಅದ್ದಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಮಳೆಗೆ ಬೋರಾನ್ ತೊಳೆದು ಹೋಗುವುದರಿಂದ ಇದು ಸೂರಿನಡಿಯ ಕೆಲಸಕ್ಕೆ ಮಾತ್ರ. ಒಣಗಿಸುವಾಗ ಒಂದರ ಮೇಲೊಂದು ಪೇರಿಸಿದ ಸಾಲುಗಳ ನಡುವೆ 25 ಮಿ.ಮೀ. ದಪ್ಪದ ಮರದ ಪಟ್ಟಿ, ಅರ್ಧ ಮೀಟರಿಗೊಂದು, ಮೇಲಿಂದ ಕೆಳಗೆ ಒಂದೇ ನೇರದಲ್ಲಿ. ತುದಿಗಳಿಗೆ ಕಡಿದ ದಿನವೇ ಮೇಣ ಅಥವಾ ದಪ್ಪ ಪೇಂಟ್ ಬಳಿಯಿರಿ. ಬಿರುಕು ಶುರುವಾದ ಮೇಲೆ ಬಳಿದು ಪ್ರಯೋಜನವಿಲ್ಲ.